ಸ್ಕಾಟ್ಲೆಂಡಿನ ಡನಾಟರ್ ಕೋಟೆ ಪಾಳುಬಿದ್ದದ್ದು ಹೇಗೆ? ಅದರ ಚರಿತ್ರೆ ಮತ್ತು ಸುತ್ತಲಿನ ನೆಲದ ಬಗ್ಗೆ ಮಾಹಿತಿ ಬೇಕಾಗಿದೆ

ಕೊಪ್ಪಳದ ಮೇಷ್ಟ್ರು ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮ ಮಕ್ಕಳು ಕೋಟೆಗಳ ಬಗ್ಗೆ ಒಂದು ಚಿತ್ರಪ್ರದರ್ಶನ ಸಿದ್ಧಪಡಿಸುತ್ತಿದ್ದಾರೆ. ಕೊಪ್ಪಳ, ಬಹದ್ದೂರಬಂಡಿ, ರಾಯಚೂರು, ಬಳ್ಳಾರಿ ಇಷ್ಟನ್ನು ಆರಿಸಿಕೊಂಡ ಮೇಲೆ, ಹೊರದೇಶದ ಒಂದು ಕೋಟೆಯನ್ನೂ ಇವುಗಳ ಪಕ್ಕದಲ್ಲಿಟ್ಟು ತೋರಿಸಿದರೆ ಮಕ್ಕಳು ತಮ್ಮೂರಿನ ಗುಡ್ಡವನ್ನು ಇನ್ನಷ್ಟು ಗಮನವಿಟ್ಟು ನೋಡಿಯಾರು ಎಂದು ನನಗೆ ಅನ್ನಿಸಿತು. ಸ್ಕಾಟ್ಲೆಂಡನ್ನೇ ಆರಿಸಲು ಕಾರಣವಿದೆ. 1790ರಲ್ಲಿ ನಿಜಾಮನ ಮತ್ತು ಇಂಗ್ಲಿಷರ ಪಡೆಗಳು ಟಿಪ್ಪುವಿನ ವಶದಲ್ಲಿದ್ದ ಕೊಪ್ಪಳ ಕೋಟೆಗೆ ಮುತ್ತಿಗೆ ಹಾಕಿದಾಗ ಆ ಪಡೆಯಲ್ಲಿದ್ದು, ಮುಂದೆ ಈ ಕೋಟೆಯ ಬಲವನ್ನು ಬಾಯ್ತುಂಬ ಹೊಗಳಿದ ಜಾನ್ ಮಾಲ್ಕಮ್ ಸ್ಕಾಟ್ಲೆಂಡಿನವನು. ಬಳ್ಳಾರಿ ಸೀಮೆಯಲ್ಲಿ ರೈತವಾರಿ ಪದ್ಧತಿಗೆ ಬುನಾದಿ ಹಾಕಿದ ಥಾಮಸ್ ಮನ್ರೋ ಗ್ಲಾಸ್ಗೋದಲ್ಲಿ ಹುಟ್ಟಿದವನು. ಇಂಥವರು ತಮ್ಮ ನಾಡಿನಲ್ಲಿ ಎಂಥ ಕೋಟೆಗಳನ್ನು ಕಂಡಿದ್ದರು ಎಂಬ ಪ್ರಶ್ನೆ ತರಗತಿಯಲ್ಲಿಯೇ ಎದ್ದಿತು.

ಹುಡುಕುತ್ತಾ ಹೋದಾಗ ಡನಾಟರ್ ಎಂಬ ಕೋಟೆಯ ಚಿತ್ರಗಳು ಸಿಕ್ಕವು. ಸಮುದ್ರದೊಳಕ್ಕೆ ಚಾಚಿಕೊಂಡ ಒಂದೇ ಒಂದು ಬಂಡೆ, ಅದರ ತಲೆಯ ಮೇಲೆ ಛಾವಣಿಯಿಲ್ಲದ ಕಟ್ಟಡಗಳ ಗುಂಪು, ಸುತ್ತಲೂ ಹಸಿರು ಹುಲ್ಲು. ಚಿತ್ರ ನೋಡಿದ ಮಕ್ಕಳು ಮೊದಲು ಕೇಳಿದ್ದು, ಇದನ್ನು ಒಡೆದವರು ಯಾರು ಎಂದು. ನಾನು ಓದಿದ ಒಂದು ಕಡೆ, ಇಂಗ್ಲೆಂಡಿನಲ್ಲಿ ರಾಜನ ವಿರುದ್ಧ ಹೋರಾಡಿದ ಸೇನಾನಿ ಕ್ರಾಮ್‌ವೆಲ್ಲನ ಫಿರಂಗಿಗಳು ಎಂದಿದೆ, ಇನ್ನೊಂದು ಕಡೆ ಕೋಟೆಯನ್ನು ಮಾರಿಬಿಟ್ಟರು ಎಂದಿದೆ. ಸ್ಕಾಟ್ಲೆಂಡಿನ ರಾಜಕಿರೀಟವನ್ನು ಇಲ್ಲಿಂದ ಒಬ್ಬ ಹೆಂಗಸು ಹೊರಗೆ ಸಾಗಿಸಿದಳು ಎಂಬ ಕಥೆಯೂ ಇದೆ. ಅದರಲ್ಲಿ ಎಷ್ಟನ್ನು ಮಕ್ಕಳ ಮುಂದೆ ಚರಿತ್ರೆಯೆಂದು ಇಡಬಹುದು? ಕೋಟೆಯ ಸುತ್ತಲಿನ ಊರು, ಕಡಲು, ಕಲ್ಲು ಇವುಗಳ ಬಗ್ಗೆಯೂ ತಿಳಿದವರು ದಯವಿಟ್ಟು ಬರೆಯಬೇಕು. ಫಲಕದ ಮೇಲೆ ತಪ್ಪು ಬರೆದು ಮಕ್ಕಳಿಂದ ಓದಿಸಲು ನನಗೆ ಮನಸ್ಸಿಲ್ಲ.

---

ಕುಂಬಾರಗುಡ್ಡ (ಬಳ್ಳಾರಿ) ಬರೆದದ್ದು:

ಮೇಷ್ಟ್ರೇ, ತಮ್ಮ ಆಯ್ಕೆ ಬಹಳ ಚೆನ್ನಾಗಿದೆ. ಡನಾಟರ್ ಕೋಟೆಯ ಬಗ್ಗೆ ಹಲವು ವರ್ಷಗಳಿಂದ ಆಸಕ್ತಿಯಿಂದ ಓದಿಕೊಂಡು ಬಂದವನು ನಾನು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಸ್ಥಳ. ಸ್ಕಾಟ್ಲೆಂಡಿನ ಈಶಾನ್ಯ ಕರಾವಳಿಯಲ್ಲಿ, ಅಬರ್ಡೀನ್ ನಗರದಿಂದ ದಕ್ಷಿಣಕ್ಕೆ ಸುಮಾರು 25 ಕಿಲೋಮೀಟರ್ ದೂರದಲ್ಲಿ ಸ್ಟೋನ್‌ಹೇವನ್ ಎಂಬ ಬಂದರು ಪಟ್ಟಣವಿದೆ. ಅದರಿಂದ ಇನ್ನೂ ಮೂರು ಕಿಲೋಮೀಟರ್ ದಕ್ಷಿಣಕ್ಕೆ ಈ ಬಂಡೆ. ಎತ್ತರ ಸುಮಾರು 50 ಮೀಟರ್, ಮೇಲಿನ ಸಮತಟ್ಟು ಸುಮಾರು ಮೂರೂವರೆ ಎಕರೆ. ಮೂರು ಕಡೆ ಉತ್ತರ ಸಮುದ್ರ. ನಾಲ್ಕನೆಯ ಕಡೆಯಲ್ಲಿ ಒಳನಾಡಿಗೂ ಬಂಡೆಗೂ ನಡುವೆ ಆಳವಾದ ಕಂದರವಿದ್ದು, ಒಂದು ಕಿರಿದಾದ ನೆಲದ ಪಟ್ಟಿ ಮಾತ್ರ ಎರಡನ್ನೂ ಕೂಡಿಸುತ್ತದೆ. ಕೋಟೆಗೆ ಹೋಗುವವನು ಒಳನಾಡಿನ ದಂಡೆಯಿಂದ ಕಡಲಿನ ಮಟ್ಟದವರೆಗೂ ಇಳಿದು, ಮತ್ತೆ ಬಂಡೆಯ ಸೀಳಿನೊಳಗೆ ಕಟ್ಟಿದ ಹೆಬ್ಬಾಗಿಲಿನ ಎದುರಿಗೆ ಹತ್ತಿ ಬರಬೇಕು. ಹೆಬ್ಬಾಗಿಲಿನ ಪಕ್ಕದಲ್ಲಿಯೇ ಬಂಡೆಗೆ ಒರಗಿಸಿ ಕಟ್ಟಿದ ಬೆನ್ಹೋಮ್ ವಸತಿ ಎಂಬ ಕಟ್ಟಡದ ಗೋಡೆಯಲ್ಲಿ ಬಂದೂಕಿನ ಕಂಡಿಗಳು ಸಾಲಾಗಿವೆ. ಹತ್ತಿ ಬರುವವರ ಎದೆಗೆ ನೇರವಾಗಿ ಗುರಿಯಿಡುವ ಹಾಗೆ ಅವುಗಳನ್ನು ಜೋಡಿಸಿದ್ದಾರೆ. ಒಳಗೆ ಹೊಕ್ಕ ಮೇಲೂ ದಾರಿ ನೆಟ್ಟಗೆ ಹೋಗುವುದಿಲ್ಲ, ಬಂಡೆಯನ್ನು ಕೊರೆದ ಸುರಂಗದಂಥ ಇಕ್ಕಟ್ಟಿನಲ್ಲಿ ತಿರುಗಿ ಮೇಲೇಳುತ್ತದೆ. ನಮ್ಮ ಕಡೆಯ ಕೋಟೆಗಳಲ್ಲಿ ಬಾಗಿಲುಗಳನ್ನು ಒಂದಕ್ಕೊಂದು ಎದುರಾಗದಂತೆ ತಿರುವಿನಲ್ಲಿ ಇಡುತ್ತಾರಲ್ಲ, ಅದೇ ಯೋಚನೆ.

ಚರಿತ್ರೆಯ ಆರಂಭ ಬಹಳ ಹಿಂದಿನದು. ಐರ್ಲೆಂಡಿನ ಅಲ್ಸ್ಟರ್ ಪ್ರಾಂತ್ಯದ ವಾರ್ಷಿಕ ವೃತ್ತಾಂತಗಳಲ್ಲಿ 681ರಲ್ಲಿಯೂ 694ರಲ್ಲಿಯೂ ಈ ಹೆಸರಿನ ಕೋಟೆಗೆ ಮುತ್ತಿಗೆ ನಡೆದ ಉಲ್ಲೇಖವಿದೆ. 934ರಲ್ಲಿ ಇಂಗ್ಲೆಂಡಿನ ರಾಜ ಅಥೆಲ್‌ಸ್ಟನ್ ಇಲ್ಲಿಯವರೆಗೆ ಸೈನ್ಯ ತಂದಿದ್ದನು. ಆದರೆ ಈಗ ಕಾಣುವ ಕಲ್ಲಿನ ಕಟ್ಟಡಗಳಲ್ಲಿ ಆ ಕಾಲದ್ದು ಏನೂ ಇಲ್ಲ. 1276ರಲ್ಲಿ ಬಂಡೆಯ ಮೇಲೆ ಒಂದು ಚರ್ಚು ಪ್ರತಿಷ್ಠಾಪನೆಯಾಯಿತು. 1297ರಲ್ಲಿ, ಇಂಗ್ಲಿಷರ ವಿರುದ್ಧ ಸ್ಕಾಟ್ಲೆಂಡಿನ ಪರವಾಗಿ ಹೋರಾಡಿದ ವಿಲಿಯಂ ವ್ಯಾಲೇಸ್ ಕೋಟೆಯನ್ನು ಗೆದ್ದು, ಚರ್ಚಿನೊಳಗೆ ಅಡಗಿದ್ದ ಇಂಗ್ಲಿಷ್ ಸೈನಿಕರನ್ನು ಚರ್ಚಿನ ಸಮೇತ ಸುಟ್ಟನು ಎಂದು ಹೇಳುತ್ತಾರೆ. ಈ ವಿವರ ಬರುವುದು ಸುಮಾರು ಇನ್ನೂರು ವರ್ಷಗಳ ನಂತರದ ಒಂದು ವೀರಗಾಥೆಯಲ್ಲಿ; ಆದ್ದರಿಂದ ಫಲಕದ ಮೇಲೆ ‘ಕಾವ್ಯವೊಂದು ಹೀಗೆ ಹೇಳುತ್ತದೆ’ ಎಂದು ಬರೆಯುವುದು ಒಳ್ಳೆಯದು.

ಕೋಟೆಗೆ ಈಗಿನ ರೂಪ ಬಂದದ್ದು ಕೀತ್ ಮನೆತನದವರಿಂದ. ಈ ಮನೆತನದವರು ವಂಶಪಾರಂಪರ್ಯವಾಗಿ ಸ್ಕಾಟ್ಲೆಂಡಿನ ಮಾರ್ಷಲ್ ಪದವಿಯಲ್ಲಿದ್ದವರು. ಯುದ್ಧಕಾಲದಲ್ಲಿ ರಾಜನ ಅಂಗರಕ್ಷಣೆ, ಪಾರ್ಲಿಮೆಂಟು ಸೇರಿದಾಗ ಕಿರೀಟ, ರಾಜದಂಡ, ಖಡ್ಗಗಳ ರಕ್ಷಣೆ ಇವರ ಹೊಣೆಯಾಗಿತ್ತು. ಹದಿನಾಲ್ಕನೆಯ ಶತಮಾನದ ಕೊನೆಗೆ ಸರ್ ವಿಲಿಯಂ ಕೀತ್ ಎಂಬವನು ಇಲ್ಲಿ ಗೋಪುರದ ಮನೆ ಕಟ್ಟಿದನು. ಪ್ರತಿಷ್ಠೆಯಾದ ಚರ್ಚಿನ ನೆಲದಲ್ಲಿ ಮನೆ ಕಟ್ಟಿದ್ದಕ್ಕಾಗಿ ಬಿಷಪ್ಪನು ಅವನಿಗೆ ಬಹಿಷ್ಕಾರ ಹಾಕಿದನು. ಕೀತ್ ಸುಮ್ಮನಿರದೆ ಪೋಪನವರೆಗೂ ದೂರು ಒಯ್ದನು. 1395ರಲ್ಲಿ ಫ್ರಾನ್ಸಿನ ಅವಿನ್ಯೋನಿನಲ್ಲಿದ್ದ ಪೋಪ್ ಹದಿಮೂರನೆಯ ಬೆನೆಡಿಕ್ಟ್ ಆ ಬಹಿಷ್ಕಾರವನ್ನು ತೆಗೆಸಿದನು. ಆ ಗೋಪುರದ ನಾಲ್ಕು ಗೋಡೆಗಳು ಇಂದಿಗೂ ನಿಂತಿವೆ. ಮುಂದಿನ ಎರಡು ಶತಮಾನಗಳಲ್ಲಿ ಕುದುರೆಲಾಯ, ಕಮ್ಮಾರಸಾಲೆ, ಅಡುಗೆಮನೆ, ಊಟದ ಹಜಾರ, ಮೇಲುಪ್ಪರಿಗೆಯ ಉದ್ದ ಮೊಗಸಾಲೆ ಎಲ್ಲವೂ ಸೇರಿ, ನಡುವೆ ದೊಡ್ಡ ಬಾವಿಯಿರುವ ಚೌಕದ ಸುತ್ತ ಒಂದು ಅರಮನೆಯೇ ಎದ್ದಿತು. ಅಬರ್ಡೀನಿನಲ್ಲಿ 1593ರಲ್ಲಿ ಮಾರ್ಷಲ್ ಕಾಲೇಜನ್ನು ಸ್ಥಾಪಿಸಿದವನೂ ಇದೇ ಮನೆತನದ ಐದನೆಯ ಅರ್ಲ್ (ಅರ್ಲ್ ಎಂಬುದು ಅಲ್ಲಿನ ಶ್ರೀಮಂತರ ಒಂದು ಪದವಿ).

ಇನ್ನು ತಾವು ಕೇಳಿದ ಕಿರೀಟದ ಕಥೆ. ಇದು ಹೆಚ್ಚಿನ ಮಟ್ಟಿಗೆ ದಾಖಲೆಗಳಿರುವ ಚರಿತ್ರೆ, ಆದ್ದರಿಂದ ಧೈರ್ಯವಾಗಿ ತೋರಿಸಬಹುದು. ಇಂಗ್ಲೆಂಡಿನಲ್ಲಿ ರಾಜ ಒಂದನೆಯ ಚಾರ್ಲ್ಸನ ತಲೆ ತೆಗೆದ ಮೇಲೆ ಅವನ ಮಗ ಎರಡನೆಯ ಚಾರ್ಲ್ಸನಿಗೆ 1651ರ ಜನವರಿ 1ರಂದು ಸ್ಕೋನ್ ಎಂಬಲ್ಲಿ ಸ್ಕಾಟ್ಲೆಂಡಿನ ಕಿರೀಟ ತೊಡಿಸಿದರು. ಇಂಗ್ಲೆಂಡಿನ ಕಿರೀಟಾಭರಣಗಳನ್ನು ಕ್ರಾಮ್‌ವೆಲ್ಲನ ಕಡೆಯವರು ಆಗಲೇ ಮುರಿದು ಕರಗಿಸಿದ್ದರು. ಸ್ಕಾಟ್ಲೆಂಡಿನವಕ್ಕೂ ಅದೇ ಗತಿ ಬರುವುದರಲ್ಲಿತ್ತು. ಎಡಿನ್‌ಬರೋ ಕೋಟೆ ಕ್ರಾಮ್‌ವೆಲ್ಲನ ವಶವಾಗಿದ್ದರಿಂದ ಕಿರೀಟ, ರಾಜದಂಡ, ಖಡ್ಗ ಮೂರನ್ನೂ ಡನಾಟರ್‌ಗೆ ಕಳುಹಿಸಿದರು. ರಾಜನ ಖಾಸಗಿ ಕಾಗದಪತ್ರಗಳೂ ಅಲ್ಲಿಯೇ ಇದ್ದವು. ಕೋಟೆಯ ಅಧಿಪತಿ ಜಾರ್ಜ್ ಓಗಿಲ್ವಿಯ ಕೈಯಲ್ಲಿ ಸುಮಾರು 70 ಜನರಷ್ಟೇ ಇದ್ದರು. 1651ರ ಶರತ್ಕಾಲದಲ್ಲಿ ಆರಂಭವಾದ ಮುತ್ತಿಗೆಯನ್ನು ಅವನು ಎಂಟು ತಿಂಗಳು ತಡೆದನು.

ಸ್ವಲ್ಪ ದಕ್ಷಿಣಕ್ಕಿರುವ ಕಿನೆಫ್ ಎಂಬ ಹಳ್ಳಿಯ ಪಾದ್ರಿ ಜೇಮ್ಸ್ ಗ್ರೇಂಜರ್, ಅವನ ಹೆಂಡತಿ ಕ್ರಿಶ್ಚಿಯನ್ ಫ್ಲೆಚರ್. ಓಗಿಲ್ವಿಯ ಹೆಂಡತಿ ಎಲಿಜಬೆತ್ ಡಗ್ಲಸ್ ಈ ಪಾದ್ರಿಯ ಹೆಂಡತಿಯೊಂದಿಗೆ ಸೇರಿ ಉಪಾಯ ಹೂಡಿದಳು. ಕ್ರಿಶ್ಚಿಯನ್ ಫ್ಲೆಚರ್ ಮುತ್ತಿಗೆಯ ನಡುವೆಯೇ ಕೋಟೆಯ ಒಡತಿಯನ್ನು ಕಾಣಲು ಬಂದು ಹೋಗುತ್ತಾ, ಆ ಮೂರು ವಸ್ತುಗಳನ್ನು ಹೊರಗೆ ಸಾಗಿಸಿದಳು. ಬಟ್ಟೆಯ ಮಡಿಲಲ್ಲಿ ಕಿರೀಟ, ಅಗಸೆನಾರಿನ ಹೊರೆಯೊಳಗೆ ರಾಜದಂಡ ಮತ್ತು ಖಡ್ಗ ಎಂಬುದು ಒಂದು ಹೇಳಿಕೆ. ಕಡಲ ಕಡೆಯ ಗೋಡೆಯಿಂದ ಹಗ್ಗದಲ್ಲಿ ಇಳಿಸಿ, ಕೆಳಗೆ ಕಡಲಸೊಪ್ಪು ಆಯುತ್ತಿದ್ದ ಸೇವಕಿಯ ಬುಟ್ಟಿಗೆ ಹಾಕಿದರು ಎಂಬುದು ಇನ್ನೊಂದು. ಹೇಗೆ ಹೊರಬಂದವು ಎಂಬುದರಲ್ಲಿ ಭಿನ್ನಾಭಿಪ್ರಾಯವಿದ್ದರೂ ಎಲ್ಲಿ ಇಟ್ಟರು ಎಂಬುದರಲ್ಲಿ ಇಲ್ಲ. 1652ರ ಮಾರ್ಚ್ 31ರಂದು ಗ್ರೇಂಜರ್ ಬರೆದುಕೊಟ್ಟ ಕಾಗದದಲ್ಲಿ ಕಿರೀಟವನ್ನೂ ರಾಜದಂಡವನ್ನೂ ಚರ್ಚಿನ ಉಪದೇಶಪೀಠದ ಮುಂದಿನ ನೆಲಹಾಸಿನ ಕಲ್ಲಿನ ಕೆಳಗೆ, ಖಡ್ಗವನ್ನು ಪಶ್ಚಿಮ ತುದಿಯಲ್ಲಿ ಆಸನಗಳ ನಡುವೆ ಹೂಳಿದ್ದಾಗಿ ಹೇಳಿದೆ. ರಾಜನ ಕಾಗದಪತ್ರಗಳನ್ನು ಆನ್ ಲಿಂಡ್ಸೇ ಎಂಬ ಬಂಧುವೊಬ್ಬಳು ತನ್ನ ಉಡುಪಿನೊಳಗೆ ಹೊಲಿದುಕೊಂಡು ಪಾರಾಗಿದ್ದಳು.

ದೊಡ್ಡ ಫಿರಂಗಿಗಳು ಬಂದ ಮೇಲೆ ಹತ್ತು ದಿನಗಳ ಹೊಡೆತಕ್ಕೆ ಕೋಟೆ ಸೋತು, 1652ರ ಮೇ 24ರಂದು ಶರಣಾಯಿತು. ಒಳಗೆ ನುಗ್ಗಿದವರಿಗೆ ಕಿರೀಟ ಸಿಗಲಿಲ್ಲ. ಓಗಿಲ್ವಿ ದಂಪತಿಗಳನ್ನು ಸೆರೆಯಲ್ಲಿಟ್ಟು ಕಾಡಿದರೂ ಬಾಯಿ ಬಿಡಿಸಲು ಆಗಲಿಲ್ಲ. ಎಲಿಜಬೆತ್ ಡಗ್ಲಸ್ ರಾಜನು ಮರಳಿ ಬರುವ ಮೊದಲೇ ತೀರಿಕೊಂಡಳು. ಎರಡನೆಯ ಚಾರ್ಲ್ಸ್ ಪಟ್ಟಕ್ಕೆ ಮರಳಿದ 1660ರವರೆಗೆ ಪಾದ್ರಿಯ ಮನೆಯವರು ಆ ಗುಟ್ಟನ್ನು ಕಾಯ್ದುಕೊಂಡರು. ಆಗಾಗ ರಾತ್ರಿ ಅವುಗಳನ್ನು ಹೊರತೆಗೆದು ತೇವ ಆರಿಸಿ ಮತ್ತೆ ಹೂಳುತ್ತಿದ್ದರಂತೆ. ನನಗೆ ನೋವಾಗುವ ವಿಷಯವೆಂದರೆ ಮುಂದೆ ಬಂದ ಬಹುಮಾನಗಳ ಹಂಚಿಕೆ. ಆಗಿನ ಅರ್ಲ್ ಮಾರ್ಷಲನ ತಮ್ಮ ಜಾನ್ ಕೀತನಿಗೆ ಮುಂದೆ ಕಿಂಟೋರಿನ ಅರ್ಲ್ ಪದವಿ, ಓಗಿಲ್ವಿಗೆ ಬ್ಯಾರನೆಟ್ ಪದವಿ. ಜೀವವನ್ನು ಪಣಕ್ಕಿಟ್ಟ ಕ್ರಿಶ್ಚಿಯನ್ ಫ್ಲೆಚರಳಿಗೆ ಪಾರ್ಲಿಮೆಂಟು 2,000 ಮರ್ಕ್ (ಆ ಕಾಲದ ಸ್ಕಾಟ್ಲೆಂಡಿನ ನಾಣ್ಯ) ಹಣ ಮಂಜೂರು ಮಾಡಿತು. ತಮ್ಮ ಫಲಕದಲ್ಲಿ ಅವಳ ಹೆಸರು ಎಲ್ಲರಿಗಿಂತ ದೊಡ್ಡ ಅಕ್ಷರದಲ್ಲಿ ಇರಲಿ ಎಂಬುದು ನನ್ನ ವಿನಂತಿ.

ಕೋಟೆ ಫಿರಂಗಿಗೆ ಏಕೆ ಸೋತಿತು ಎಂಬುದಕ್ಕೆ ಬಳ್ಳಾರಿಯವರಾದ ನಮಗೆ ಉತ್ತರ ಬೇಗ ಹೊಳೆಯುತ್ತದೆ. ಹೈದರಾಲಿಯ ಕಾಲದಲ್ಲಿ ಬಳ್ಳಾರಿ ಕೋಟೆಯನ್ನು ಬಲಪಡಿಸಿದ ಫ್ರೆಂಚ್ ಇಂಜಿನಿಯರನು, ಎದುರಿನ ಕುಂಬಾರಗುಡ್ಡವು ಕೋಟೆಯ ಗುಡ್ಡಕ್ಕಿಂತ ಎತ್ತರವಾಗಿದೆ ಎಂಬುದನ್ನು ಗಮನಿಸದ ತಪ್ಪಿಗೆ ಗಲ್ಲಿಗೇರಿದ ಎಂಬ ಐತಿಹ್ಯ ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ಡನಾಟರ್‌ನಲ್ಲಿಯೂ ಒಳನಾಡಿನ ದಂಡೆ ಕೋಟೆಯ ಬಂಡೆಗಿಂತ ತಗ್ಗಾಗಿಲ್ಲ. ಏಣಿ ಹಾಕಿ ಹತ್ತುವ ಕಾಲಾಳಿಗೆ ಆ ಕಂದರ ದಾಟಲಾಗದ ಅಡ್ಡಿ. ಆ ದಂಡೆಯ ಮೇಲೆ ನಿಲ್ಲಿಸಿದ ಫಿರಂಗಿಯ ಗುಂಡಿಗೆ ಅದು ಲೆಕ್ಕಕ್ಕೇ ಇಲ್ಲ.

---

ನವರಂಗ ದರವಾಜ (ರಾಯಚೂರು) ಬರೆದದ್ದು:

ಕುಂಬಾರಗುಡ್ಡ ಅವರ ಬರಹ ಓದಿ ಸಂತೋಷವಾಯಿತು. ಮೇಷ್ಟ್ರ ಮೊದಲ ಪ್ರಶ್ನೆಗೆ, ಅಂದರೆ ಕೋಟೆ ಪಾಳುಬಿದ್ದದ್ದು ಹೇಗೆ ಎಂಬುದಕ್ಕೆ, ಇನ್ನೂ ಉತ್ತರ ಬಂದಿಲ್ಲವಾದ್ದರಿಂದ ಅದನ್ನು ನಾನು ಬರೆಯುತ್ತೇನೆ.

1652ರ ಫಿರಂಗಿಗಳು ಕೋಟೆಗೆ ಪೆಟ್ಟು ಕೊಟ್ಟದ್ದು ನಿಜ. ಆದರೆ ಈಗ ನಾವು ಕಾಣುವ ಪಾಳು ಅವುಗಳಿಂದ ಆದದ್ದಲ್ಲ. ಇದಕ್ಕೆ ಗಟ್ಟಿಯಾದ ಸಾಕ್ಷಿ 1685ರದು. ಆ ವರ್ಷದ ಮೇ ತಿಂಗಳಲ್ಲಿ, ಧಾರ್ಮಿಕ ವಿಷಯಗಳಲ್ಲಿ ರಾಜನ ಅಧಿಕಾರವನ್ನು ಒಪ್ಪದ ಕವೆನೆಂಟರ್ ಪಂಥದ 167 ಜನರನ್ನು, ಅವರಲ್ಲಿ 122 ಗಂಡಸರು, 45 ಹೆಂಗಸರು, ಇಲ್ಲಿಗೆ ಎಳೆತಂದು ಒಂದು ನೆಲಮಾಳಿಗೆಯಲ್ಲಿ ತುಂಬಿದರು. ಕಾಲು ಹೂಳುವಷ್ಟು ಕೆಸರಿದ್ದ, ಕಡಲಿನ ಕಡೆಗೆ ಕಿಟಕಿಯಿದ್ದ ಆ ಕೋಣೆಗೆ ಇಂದಿಗೂ ವಿಗ್ ಮಾಳಿಗೆ ಎಂದೇ ಹೆಸರು; ವಿಗ್ ಎಂಬುದು ಕವೆನೆಂಟರರ ಇನ್ನೊಂದು ಹೆಸರು. ಸುಮಾರು 25 ಜನ ಕಿಟಕಿಯಿಂದ ಬಂಡೆಗೆ ಇಳಿದು ತಪ್ಪಿಸಿಕೊಳ್ಳಲು ಹೋದರು. ಕೆಲವರು ಬಿದ್ದು ಸತ್ತರು, ಹೆಚ್ಚಿನವರು ಸಿಕ್ಕಿಬಿದ್ದರು. ಜುಲೈ ಕೊನೆಯವರೆಗೆ ಅಲ್ಲಿ ಉಳಿದವರಲ್ಲಿ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಿದವರನ್ನು ಬಿಟ್ಟು, ಮಿಕ್ಕವರನ್ನು ಹಡಗಿನಲ್ಲಿ ಅಮೆರಿಕದ ನ್ಯೂಜೆರ್ಸಿಗೆ ಸಾಗಿಸಿದರು. ಆ ಪ್ರಯಾಣದಲ್ಲಿ ಹಲವರು ಜ್ವರದಿಂದ ತೀರಿಕೊಂಡರು. ಬಾಗಿಲು, ಬೀಗ, ಕಾವಲು ಎಲ್ಲ ಇರುವ, ಬಳಕೆಯಲ್ಲಿರುವ ಕೋಟೆಯಲ್ಲಿ ಮಾತ್ರ ಇಷ್ಟು ಜನರನ್ನು ಸೆರೆಯಿಡಲು ಸಾಧ್ಯ. ಅಂದರೆ ಮುತ್ತಿಗೆ ಮುಗಿದು ಮೂವತ್ತಮೂರು ವರ್ಷಗಳ ನಂತರವೂ ಡನಾಟರ್ ಪಾಳುಬಿದ್ದಿರಲಿಲ್ಲ.

ಪಾಳುಬೀಳಿಸಿದ್ದು ಜಪ್ತಿ ಮತ್ತು ಮಾರಾಟ. 1715ರಲ್ಲಿ, ಪದಚ್ಯುತನಾದ ಸ್ಟುವರ್ಟ್ ರಾಜವಂಶಕ್ಕೆ ಮತ್ತೆ ಪಟ್ಟ ಕಟ್ಟಬೇಕೆಂದು ಸ್ಕಾಟ್ಲೆಂಡಿನಲ್ಲಿ ದಂಗೆ ಎದ್ದಾಗ, ಹತ್ತನೆಯ ಅರ್ಲ್ ಮಾರ್ಷಲ್ ಜಾರ್ಜ್ ಕೀತ್ ಅದರಲ್ಲಿ ಸೇರಿಕೊಂಡನು. ದಂಗೆ ಸೋತಿತು. ಅವನು ದೇಶಬಿಟ್ಟು ಹೋಗಬೇಕಾಯಿತು, ಅವನ ಪದವಿ ಮತ್ತು ಆಸ್ತಿಯೆಲ್ಲ ಸರ್ಕಾರದ ವಶವಾಯಿತು. ಹೀಗೆ ಜಪ್ತಿಯಾದ ಎಸ್ಟೇಟುಗಳನ್ನು ಕೊಂಡವರಲ್ಲಿ ಮುಖ್ಯವಾದದ್ದು ಯಾರ್ಕ್ ಬಿಲ್ಡಿಂಗ್ಸ್ ಕಂಪನಿ. ಲಂಡನ್ ನಗರಕ್ಕೆ ನೀರು ಒದಗಿಸಲೆಂದು ಹುಟ್ಟಿದ ಕಂಪನಿಯೊಂದು ಜಮೀನು ವ್ಯಾಪಾರಕ್ಕೆ ಇಳಿದು ಡನಾಟರ್ ಕೋಟೆಯನ್ನು ಕೊಂಡು, ಕಳಚಿ ಮಾರಬಹುದಾದ ಎಲ್ಲವನ್ನೂ ಕಳಚಿತು. ಛಾವಣಿ ಹೋಯಿತು, ಮರದ ನೆಲ ಹೋಯಿತು, ಒಳಗಿನ ಮರಗೆಲಸ ಹೋಯಿತು. ಕಲ್ಲಿನ ಗೋಡೆ ಎಷ್ಟೇ ದಪ್ಪವಾಗಿರಲಿ, ತಲೆಯ ಮೇಲಿನ ಹೊದಿಕೆ ತೆಗೆದ ದಿನದಿಂದ ಮಳೆನೀರು ಗೋಡೆಯ ಒಳಹೂರಣಕ್ಕೆ ಇಳಿಯತೊಡಗುತ್ತದೆ. ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಹಿಗ್ಗಿ ಗಾರೆಯನ್ನು ಸಡಿಲಿಸುತ್ತದೆ, ಕಡಲ ಗಾಳಿಯ ಉಪ್ಪು ಉಳಿದ ಕೆಲಸ ಮಾಡುತ್ತದೆ. ಹೆಪ್ಪುಗಟ್ಟುವ ಕಾಟವೊಂದು ನಮ್ಮ ರಾಯಚೂರಿನಲ್ಲಿ ಇಲ್ಲ. ಇಲ್ಲಿ ಗೋಡೆಯ ಸಂದಿನಲ್ಲಿ ಬೇರು ಬಿಡುವ ಅರಳಿ, ಆಲದ ಸಸಿಗಳೇ ಆ ಕೆಲಸ ಮಾಡುತ್ತವೆ.

ಆ ಹತ್ತನೆಯ ಅರ್ಲನ ಮುಂದಿನ ಬದುಕೂ ದೊಡ್ಡದು. ಅವನು ಜರ್ಮನ್ ಸೀಮೆಯ ಪ್ರಷ್ಯಾದ ರಾಜ ಫ್ರೆಡರಿಕ್ ಮಹಾಶಯನ ಸೇವೆಗೆ ಸೇರಿ, ಅವನ ರಾಯಭಾರಿಯಾಗಿ ಹೆಸರು ಮಾಡಿದನು. ಅವನ ತಮ್ಮ ಜೇಮ್ಸ್ ಕೀತ್ ಅದೇ ರಾಜನ ಫೀಲ್ಡ್ ಮಾರ್ಷಲ್ ಆಗಿ 1758ರ ಹೋಕ್‌ಕಿರ್ಕ್ ಯುದ್ಧದಲ್ಲಿ ಮಡಿದನು. ಜಾರ್ಜ್ ಕೀತನಿಗೆ ಕ್ಷಮಾದಾನ ಸಿಕ್ಕಿತು, ತನ್ನ ಕೆಲವು ಆಸ್ತಿಗಳನ್ನು ಮರಳಿ ಕೊಂಡುಕೊಂಡನು ಕೂಡ. ಆದರೆ ಹಿರಿಯರ ಕೋಟೆ ಮತ್ತೆ ವಾಸದ ಮನೆಯಾಗಲಿಲ್ಲ.

ರಾಯಚೂರು ಕೋಟೆಯನ್ನು ಇದರ ಪಕ್ಕದಲ್ಲಿಡುವಾಗ ಒಂದು ಅಂಶವನ್ನು ಮಕ್ಕಳಿಗೆ ತೋರಿಸಿ. ಕಾಕತೀಯರ ಕಾಲದ, 1294ರ ಶಾಸನವಿರುವ, ನಲವತ್ತು ಅಡಿಗೂ ಮಿಕ್ಕಿ ಉದ್ದವಿರುವ ಒಂದೇ ಕಲ್ಲು ನಮ್ಮ ಕೋಟೆಯ ಗೋಡೆಯಲ್ಲಿದೆ. ಅಷ್ಟು ದೊಡ್ಡ ಕಲ್ಲನ್ನು ಬಂಡಿಯ ಮೇಲೆ ಹೇರಿ, ಕೋಣಗಳನ್ನು ಕಟ್ಟಿ ಎಳೆಸಿ ತಂದ ಚಿತ್ರವನ್ನೂ ಅದರ ಬಳಿ ಕೊರೆದಿದ್ದಾರೆ. ಕಲ್ಲನ್ನು ತಂದವರ ಶ್ರಮ ನಮ್ಮಲ್ಲಿ ಕಲ್ಲಿನ ಮೇಲೆಯೇ ದಾಖಲಾಗಿದೆ. ಡನಾಟರ್‌ನಲ್ಲಿ ದಾಖಲಾಗಿರುವುದು ಕಳಚಿದವರ ಹೆಸರು. ಎರಡನ್ನೂ ಅಕ್ಕಪಕ್ಕ ಇಟ್ಟರೆ, ಕೋಟೆ ಎನ್ನುವುದು ರಾಜರ ಯುದ್ಧದ ಕಥೆ ಮಾತ್ರವಲ್ಲ, ಅದು ಮರ, ಕಲ್ಲು, ಕೂಲಿ, ಹಣ ಇವುಗಳ ಲೆಕ್ಕವೂ ಹೌದು ಎಂಬುದು ಮಕ್ಕಳಿಗೆ ಮನದಟ್ಟಾಗುತ್ತದೆ.

---

ಕೊಪ್ಪಳದ ಮೇಷ್ಟ್ರು ಬರೆದದ್ದು:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಫಿರಂಗಿಯೋ ಮಾರಾಟವೋ ಎಂಬ ಗೊಂದಲಕ್ಕೆ 1685ರ ಸೆರೆಮನೆ ಇಷ್ಟು ಸ್ಪಷ್ಟವಾದ ಉತ್ತರ ಕೊಡುತ್ತದೆ ಎಂದು ನಾನು ಯೋಚಿಸಿರಲಿಲ್ಲ. ಕೊಪ್ಪಳದ ಕೋಟೆಯಲ್ಲಿ 1858ರಲ್ಲಿ ಮುಂಡರಗಿ ಭೀಮರಾಯರು ಇಂಗ್ಲಿಷರ ವಿರುದ್ಧ ಹೋರಾಡಿ ಮಡಿದದ್ದನ್ನು ಮಕ್ಕಳು ಬಲ್ಲರು. ದಂಗೆಯೆದ್ದು ಸೋತವರ ನೆಲ, ಮನೆಗಳಿಗೆ ಮುಂದೆ ಏನಾಗುತ್ತದೆ ಎಂಬ ಮಾತನ್ನು ಈಗ ಅವರ ಎದುರು ಎತ್ತಬಹುದು.

ಇನ್ನೆರಡು ವಿಷಯ ಉಳಿದಿವೆ. ಅಷ್ಟೆಲ್ಲ ಕಳಚಿ ಹೋದ ಕೋಟೆ ಈಗ ಇಷ್ಟು ಅಚ್ಚುಕಟ್ಟಾಗಿ ನಿಂತಿರುವುದು ಯಾರಿಂದ? ಮತ್ತು ಸುತ್ತಲಿನ ನೆಲ ಹೇಗಿದೆ? ಆ ಕಡೆ ಇರುವ ಕನ್ನಡಿಗರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

---

ಗಂಗಾವತಿಯವಳು (ಈಗ ಅಬರ್ಡೀನ್) ಬರೆದದ್ದು:

ಮೇಷ್ಟ್ರೇ, ನಮಸ್ಕಾರಗಳು. ಗಂಗಾವತಿಯಲ್ಲಿ ಹುಟ್ಟಿ ಬೆಳೆದವಳು ನಾನು, ಕೆಲಸದ ಕಾರಣದಿಂದ ಅಬರ್ಡೀನಿನಲ್ಲಿ ನೆಲೆಸಿದ್ದೇನೆ. ನಮ್ಮೂರಿನಿಂದ ನೆಂಟರು ಬಂದಾಗಲೆಲ್ಲ ಅವರನ್ನು ನಾನು ಕರೆದುಕೊಂಡು ಹೋಗುವ ಜಾಗ ಇದೇ ಆದ್ದರಿಂದ, ಸುತ್ತಲಿನ ನೆಲದ ಬಗ್ಗೆ ನಾನು ಹೇಳಬಲ್ಲೆ.

ಕೋಟೆಯನ್ನು ಉಳಿಸಿದ ಶ್ರೇಯಸ್ಸು ಹೆಚ್ಚಾಗಿ ಲೇಡಿ ಕೌಡ್ರೇ ಎಂಬವರಿಗೆ ಸೇರಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೋಟೆ ಅವರ ಮನೆತನದ ಕೈಗೆ ಬಂದ ಮೇಲೆ, 1925ರಿಂದ ಅವರು ವ್ಯವಸ್ಥಿತವಾಗಿ ದುರಸ್ತಿ ಮಾಡಿಸಿದರು. ಬೀಳುವ ಹಂತದಲ್ಲಿದ್ದ ಗೋಡೆಗಳನ್ನು ಭದ್ರಪಡಿಸಿದರು, ಒಳಗೆ ತುಂಬಿದ್ದ ಕಲ್ಲುಮಣ್ಣನ್ನು ತೆಗೆಸಿದರು, ಚೌಕದ ಕಟ್ಟಡದಲ್ಲಿ ಒಂದು ಹಜಾರಕ್ಕೆ ಓಕ್ ಮರದ ಛಾವಣಿಯನ್ನು ಹೊಸದಾಗಿ ಹಾಕಿಸಿದರು. ಛಾವಣಿಯಿಲ್ಲದ ಅಷ್ಟೂ ಕೋಣೆಗಳನ್ನು ದಾಟಿ ಆ ಒಂದು ಹಜಾರಕ್ಕೆ ಕಾಲಿಟ್ಟಾಗ ಗಾಳಿಯ ಸದ್ದು ಥಟ್ಟನೆ ನಿಲ್ಲುತ್ತದೆ. ಒಂದು ಕಾಲಕ್ಕೆ ಇಡೀ ಅರಮನೆ ಹೇಗಿದ್ದಿರಬೇಕು ಎಂಬುದು ಅಲ್ಲಿ ಅರ್ಥವಾಗುತ್ತದೆ. ಕೋಟೆ ಈಗಲೂ ಖಾಸಗಿ ಒಡೆತನದಲ್ಲಿದೆ, ಟಿಕೆಟ್ ಪಡೆದು ನೋಡಬಹುದು. ಬಿರುಗಾಳಿ ಇದ್ದರೆ ಬಾಗಿಲು ತೆರೆಯುವುದಿಲ್ಲ.

ಕಲ್ಲಿನ ವಿಷಯವನ್ನು ಮಕ್ಕಳು ಖಂಡಿತ ಇಷ್ಟಪಡುತ್ತಾರೆ. ಕೊಪ್ಪಳ, ಆನೆಗೊಂದಿ, ಬಳ್ಳಾರಿಯ ಗುಡ್ಡಗಳು ಗ್ರಾನೈಟಿನವು. ಅಲ್ಲಿ ಒಂದು ಬಂಡೆಯೆಂದರೆ ಒಂದೇ ಜಾತಿಯ ಗಟ್ಟಿ ಕಲ್ಲು. ಡನಾಟರ್ ಬಂಡೆ ಹಾಗಲ್ಲ. ಸುಮಾರು 40 ಕೋಟಿ ವರ್ಷಗಳ ಹಿಂದೆ ನದಿಗಳು ಬೆಟ್ಟಗಳಿಂದ ಉರುಳಿಸಿ ತಂದ ನುಣುಪು ಗುಂಡುಕಲ್ಲುಗಳು ಮರಳಿನೊಂದಿಗೆ ಸೇರಿ ಗಟ್ಟಿಯಾಗಿ ಆದ ಮಿಶ್ರಶಿಲೆ ಅದು. ಹೆಬ್ಬಾಗಿಲಿನ ಬಳಿ ಬಂಡೆಯ ಮೈಯನ್ನು ಹತ್ತಿರದಿಂದ ನೋಡಿದರೆ, ಶೇಂಗಾ ಚಿಕ್ಕಿಯಲ್ಲಿ ಬೆಲ್ಲದ ನಡುವೆ ಶೇಂಗಾ ಕೂತಿರುವ ಹಾಗೆ, ಮುಷ್ಟಿಯಷ್ಟು, ತಲೆಯಷ್ಟು ಗಾತ್ರದ ಕಲ್ಲುಗಳು ಕಂದುಕೆಂಪು ಗಾರೆಯ ನಡುವೆ ಕೂತಿವೆ. ಕೆಲವು ಉದುರಿ, ಅವು ಇದ್ದ ಗುಳಿ ಮಾತ್ರ ಉಳಿದಿದೆ. ಆ ಗುಳಿಗಳಲ್ಲಿ ಹಕ್ಕಿಗಳು ಕೂರುತ್ತವೆ, ಸಣ್ಣ ನೀಲಿ ಹೂವಿನ ಗಿಡಗಳು ಬೇರು ಬಿಟ್ಟಿವೆ. ಸ್ಕಾಟ್ಲೆಂಡಿನ ಎತ್ತರದ ಬೆಟ್ಟನಾಡನ್ನೂ ತಗ್ಗಿನ ಬಯಲುನಾಡನ್ನೂ ಬೇರ್ಪಡಿಸುವ ದೊಡ್ಡ ಭೂಸ್ತರಭಂಗ ಸ್ಟೋನ್‌ಹೇವನ್ನಿನ ಉತ್ತರಕ್ಕೆ ಸಮುದ್ರ ಸೇರುತ್ತದೆ. ಹೀಗಾಗಿ ಊರಿನ ಒಂದು ಕಡೆಯ ಕಲ್ಲಿಗೂ ಇನ್ನೊಂದು ಕಡೆಯ ಕಲ್ಲಿಗೂ ಸಂಬಂಧವೇ ಇಲ್ಲ.

ಸ್ಟೋನ್‌ಹೇವನ್ ಬಂದರಿನಿಂದ ಕೋಟೆಗೆ ಕಡಲದಂಡೆಯ ಮೇಲಿನಿಂದಲೇ ಕಾಲುದಾರಿ ಇದೆ. ಬಂದರಿನ ಪಕ್ಕದಲ್ಲಿ ಕೆಂಪುಕಲ್ಲಿನ ಹಳೆಯ ಉಗ್ರಾಣವೊಂದಿದೆ; ಅದನ್ನು ಕಟ್ಟಿಸಿದವನೂ ಐದನೆಯ ಅರ್ಲ್ ಮಾರ್ಷಲನೇ. ಮುಂದೆ ಅದು ಸೆರೆಮನೆಯೂ ನ್ಯಾಯಸ್ಥಾನವೂ ಆಗಿತ್ತು, ಈಗ ವಸ್ತುಸಂಗ್ರಹಾಲಯ. ಅಲ್ಲಿಂದ ಏರು ಹತ್ತಿದರೆ ಗುಡ್ಡದ ನೆತ್ತಿಯ ಮೇಲೆ, ಮೊದಲ ಮಹಾಯುದ್ಧದಲ್ಲಿ ಮಡಿದವರ ಸ್ಮಾರಕ ಕಾಣುತ್ತದೆ. ವೃತ್ತಾಕಾರದ ಗುಡಿಯಂಥ ಆ ಕಟ್ಟಡವನ್ನು ಬೇಕೆಂದೇ ಅರ್ಧ ಕಟ್ಟಿ ಬಿಟ್ಟಿದ್ದಾರೆ, ನಡುವಿಗೆ ಮುಗಿದ ಬದುಕುಗಳ ಗುರುತಾಗಿ. ದಾರಿಯ ಒಂದು ಬದಿಗೆ ಬಾರ್ಲಿ ಮತ್ತು ಗೋಧಿಯ ಹೊಲಗಳು, ಇನ್ನೊಂದು ಪಕ್ಕ ನೇರವಾಗಿ ಕೆಳಗೆ ಕಡಲು.

ಈ ದಾರಿಯಲ್ಲಿ ಹೆಚ್ಚಿನವರು ನೋಡದೆ ಮುಂದೆ ಹೋಗುವ ಒಂದು ಜಾಗವಿದೆ. ಊರಿಗೂ ಕೋಟೆಗೂ ನಡುವೆ, ದಂಡೆಯಿಂದ ಬೇರೆಯಾಗಿ ಕಡಲಲ್ಲಿ ನಿಂತ ಡನಿಕೇರ್ ಎಂಬ ಕಡಿದಾದ ಬಂಡೆ. 1832ರಲ್ಲಿ ಊರಿನ ಹುಡುಗರು ಅದನ್ನು ಹತ್ತಿ, ಸ್ಕಾಟ್ಲೆಂಡಿನ ಪ್ರಾಚೀನ ನಿವಾಸಿಗಳಾದ ಪಿಕ್ಟ್ ಜನರ ಚಿಹ್ನೆಗಳನ್ನು ಕೊರೆದ ಕಲ್ಲುಗಳನ್ನು ಕಂಡರು. 2015ರಿಂದ ಅಬರ್ಡೀನ್ ವಿಶ್ವವಿದ್ಯಾಲಯದ ಪುರಾತತ್ವ ತಂಡದವರು ಹಗ್ಗ ಕಟ್ಟಿಕೊಂಡು ಮೇಲೇರಿ ಉತ್ಖನನ ಮಾಡಿದಾಗ, ಅಲ್ಲಿ ಮೂರು, ನಾಲ್ಕನೆಯ ಶತಮಾನದ ಕೋಟೆಯ ಅವಶೇಷಗಳು ಸಿಕ್ಕವು. ಈವರೆಗೆ ತಿಳಿದಿರುವ ಪಿಕ್ಟ್ ಕೋಟೆಗಳಲ್ಲಿ ಅತ್ಯಂತ ಹಳೆಯವುಗಳ ಸಾಲಿಗೆ ಅದು ಸೇರುತ್ತದೆ. ಆ ಬಂಡೆಯ ಹೆಚ್ಚಿನ ಭಾಗ ಆಗಲೇ ಕಡಲಿಗೆ ಕುಸಿದುಹೋಗಿದೆ. ಆದ್ದರಿಂದ ಡನಾಟರ್‌ನ ಚರಿತ್ರೆಯನ್ನು ಒಂದು ಬಂಡೆಗೆ ಸೀಮಿತಗೊಳಿಸದೆ ಈ ಇಡೀ ಕರಾವಳಿಯ ಚರಿತ್ರೆಯಾಗಿ ತೋರಿಸುವುದು ಸರಿ ಎಂದು ನನ್ನ ಅಭಿಪ್ರಾಯ.

ಕೋಟೆಯ ದಕ್ಷಿಣಕ್ಕೆ ಸ್ವಲ್ಪ ದೂರದಲ್ಲಿ ಫೌಲ್ಸ್‌ಹ್ಯೂ ಎಂಬ ಹಕ್ಕಿಗಳ ರಕ್ಷಿತ ಪ್ರದೇಶವಿದೆ. ಏಪ್ರಿಲ್‌ನಿಂದ ಜುಲೈವರೆಗೆ ಅಲ್ಲಿನ ಕಡಿದಾದ ಬಂಡೆಗಳ ಮೇಲೆ ಕಿಟಿವೇಕ್, ಗಿಲಮಾಟ್, ರೇಜರ್‌ಬಿಲ್ ಹಕ್ಕಿಗಳು ಸಾವಿರಗಟ್ಟಲೆ ಗೂಡುಮಾಡುತ್ತವೆ. ಬಣ್ಣದ ಕೊಕ್ಕಿನ ಪಫಿನ್ ಕೂಡ ಅದೃಷ್ಟವಿದ್ದರೆ ಕಾಣುತ್ತದೆ. ಬೇಸಿಗೆಯಲ್ಲಿಯೂ ಕಡಲಿನಿಂದ ದಟ್ಟ ಮಂಜು ಎದ್ದು ಕೋಟೆಯನ್ನು ಪೂರ್ತಿ ಮುಚ್ಚಿಬಿಡುವುದುಂಟು. ಮುತ್ತಿಗೆಯ ಎಂಟು ತಿಂಗಳಲ್ಲಿ ಒಳಗಿದ್ದವರೂ ಹೊರಗಿದ್ದವರೂ ಅದೇ ಮಂಜಿನಲ್ಲಿ ಚಳಿಗಾಲ ಕಳೆದವರು ಎಂಬುದನ್ನು ಫಲಕದ ಒಂದು ಮೂಲೆಯಲ್ಲಿ ಬರೆಯಿರಿ.

ಕಿನೆಫ್ ಚರ್ಚಿಗೂ ಹೋಗಿಬರಬಹುದು. ಈಗಿರುವ ಕಟ್ಟಡವನ್ನು ಬಹುಮಟ್ಟಿಗೆ 1738ರಲ್ಲಿ ಹಳೆಯ ಜಾಗದಲ್ಲಿಯೇ ಮತ್ತೆ ಕಟ್ಟಿದ್ದಾರೆ. ಒಳಗೆ ಗ್ರೇಂಜರ್ ಮತ್ತು ಓಗಿಲ್ವಿಯವರ ಸ್ಮಾರಕಫಲಕಗಳಿವೆ. ಕಿರೀಟ, ದಂಡ, ಖಡ್ಗಗಳ ಕಥೆ ಅಲ್ಲಿಗೂ ಮುಗಿಯಲಿಲ್ಲ. 1707ರಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನ ಪಾರ್ಲಿಮೆಂಟುಗಳು ಒಂದಾದ ಮೇಲೆ ಅವುಗಳನ್ನು ಎಡಿನ್‌ಬರೋ ಕೋಟೆಯ ಒಂದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದರು. ನೂರಕ್ಕೂ ಹೆಚ್ಚು ವರ್ಷ ಜನ ಅವುಗಳನ್ನು ಕಾಣಲಿಲ್ಲ. 1818ರಲ್ಲಿ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಮುಂದಾಗಿ ಅನುಮತಿ ಪಡೆದು ಆ ಪೆಟ್ಟಿಗೆ ತೆರೆಸಿದಾಗ, ಮೂರೂ ಅಗಸೆಬಟ್ಟೆಯಲ್ಲಿ ಸುತ್ತಿದಂತೆಯೇ ಸಿಕ್ಕವು. ಈಗ ಅವು ಎಡಿನ್‌ಬರೋ ಕೋಟೆಯಲ್ಲಿ ಪ್ರದರ್ಶನಕ್ಕಿವೆ.

ತಮ್ಮ ಮಕ್ಕಳಿಗೆ ಬೇಕಾದರೆ ಹೆಬ್ಬಾಗಿಲಿನ ಬಂಡೆ, ವಿಗ್ ಮಾಳಿಗೆಯ ಕಿಟಕಿ, ಡನಿಕೇರ್, ಕಿನೆಫ್ ಚರ್ಚಿನ ಒಳಭಾಗ ಇವುಗಳ ಚಿತ್ರಗಳನ್ನು ನಾನೇ ತೆಗೆದು ಕಳುಹಿಸುತ್ತೇನೆ. ಬಂಡೆಯ ಗಾತ್ರ ತಿಳಿಯುವ ಹಾಗೆ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆಯುತ್ತೇನೆ. ತಮ್ಮ ಮಕ್ಕಳೂ ಕೊಪ್ಪಳದ ಗುಡ್ಡದ ಕಲ್ಲಿನ ಪಕ್ಕದಲ್ಲಿ ಅದೇ ರೀತಿ ಅಳತೆಪಟ್ಟಿ ಇಟ್ಟು ಚಿತ್ರ ತೆಗೆದರೆ ಎರಡನ್ನೂ ಒಂದೇ ಪ್ರಮಾಣದಲ್ಲಿ ಮುದ್ರಿಸಬಹುದು. ಪ್ರದರ್ಶನ ಯಾವ ತಿಂಗಳಲ್ಲಿದೆ ಎಂದು ತಿಳಿಸಿ. ನವೆಂಬರ್ ಬಂದರೆ ಇಲ್ಲಿ ಮಧ್ಯಾಹ್ನ ನಾಲ್ಕಕ್ಕೆಲ್ಲ ಕತ್ತಲಾಗುವುದರಿಂದ ಅದಕ್ಕೂ ಮೊದಲು ಹೋಗಿಬರುವುದು ಒಳ್ಳೆಯದು.